ಒಂದೇ ಬದಿಯ ಮೀನುಗಳು

ಪ್ರಾಣಿಶಾಸ್ತ್ರದ ಮೇಡಂ ಅವರ ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಪ್ರಿನ್ಸಿಪಾಲರು, "ಕಾಲೇಜನ್ನು ಡಿಜಿಟಲ್ ಯುಗಕ್ಕೆ ಕೈಹಿಡಿದು ಕರೆತಂದ ಮಹಾನ್ ಚೇತನ" ಎಂದು ಹೇಳಿದರು. ಕಾಗದ ನೋಡಿಕೊಂಡೇ ಹೇಳಿದರು. ಆಡಳಿತ ಮಂಡಳಿಯ ಸಂಚಾಲಕರು ಬಂದು ಭಾವಚಿತ್ರದ ಎದುರು ಹೂ ಹಾಕಿ, ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಹೋದರು. ಆ ಭಾವಚಿತ್ರವನ್ನು ಯಾವುದೋ ಗುಂಪು ಫೋಟೋದಿಂದ ಕತ್ತರಿಸಿ ತೆಗೆದಿದ್ದರು. ಅವರ ಹೆಗಲ ಮೇಲೆ ಪಕ್ಕದಲ್ಲಿ ನಿಂತವರ ಬೆರಳುಗಳು ಹಾಗೆಯೇ ಉಳಿದುಕೊಂಡಿದ್ದವು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರ ಒಂದು ಒಂಟಿ ಫೋಟೋ ಕಾಲೇಜಿನಲ್ಲಿ ಇರಲಿಲ್ಲ.

ಮಾತನಾಡುವವರ ಸಾಲಿನಲ್ಲಿ ನನ್ನನ್ನು ಸೇರಿಸಿರಲಿಲ್ಲ. ಸೇರಿಸುವುದಿಲ್ಲ ಎಂದು ನನಗೂ ಗೊತ್ತಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಸ್ಟಾಫ್ ರೂಮಿಗೆ ಬಂದರೆ ಅವರಿಗಿಂತ ಮೊದಲು, ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಬರುತ್ತಿತ್ತು. ಸೀರೆಗೆ, ಕೂದಲಿಗೆ, ಊಟದ ಬುತ್ತಿಯ ಚೀಲಕ್ಕೆ ಎಲ್ಲ ಅದು ಹಿಡಿದುಬಿಟ್ಟಿತ್ತು. ಇಂಗ್ಲಿಷ್ ವಿಭಾಗದ ಹೆಂಗಸರು ನಯವಾಗಿ ಕುರ್ಚಿ ಎಳೆದುಕೊಂಡು ಆಚೆ ಸರಿಯುತ್ತಿದ್ದರು. ಅದನ್ನು ನೋಡಿ ಅವರೇ ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ನಾನು ಇದೇ ಕಾಲೇಜಿಗೆ ಓದ್ಲಿಕ್ಕೆ ಬರುವಾಗ ಮೀನಿನ ವಾಸನೆ ಅಂತ ಸರೀತಿದ್ರು. ಈಗ ಫಾರ್ಮಲಿನ್ ವಾಸನೆ ಅಂತ ಸರೀತಾರೆ. ನನಗೆ ಕೂತ್ಕೊಳ್ಳಿಕ್ಕೆ ಯಾವಾಗಲೂ ಧಾರಾಳ ಜಾಗ ಉಂಟು ಮಾರಾಯ್ರೆ."

ಮಂಗಳೂರಿನ ಹೊಳೆಯಾಚೆ, ಮೀನುಗಾರರ ಬೆಂಗ್ರೆಯವರು ಅವರು. ಅಪ್ಪನದು ದೋಣಿ, ಆಮೇಲೆ ಅಣ್ಣನದು ಬೋಟು. ದಿನವೂ ಫೆರಿಯಲ್ಲಿ ಹೊಳೆ ದಾಟಿ ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಇಳಿದು, ಹಂಪನಕಟ್ಟೆಯವರೆಗೆ ನಡೆದು ಬಸ್ಸು ಹಿಡಿದು ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ, "ನಿಮ್ಮದು ಆಗಿದೆಯಲ್ಲ, ಎಂತ ವಿಶೇಷ ಉಂಟು ಹೇಳಿ, ನೋಡುವ" ಎಂದು ಕೇಳಿದವರನ್ನೇ ಕೂರಿಸಿಬಿಡುತ್ತಿದ್ದರು.

ಒಳ್ಳೆಯ ಸ್ವಭಾವದವರು ಎಂದು ಬರೆದರೆ ಸುಳ್ಳಾಗುತ್ತದೆ. ಅವರ ನಾಲಗೆಗೆ ಹೆದರದ ವಿದ್ಯಾರ್ಥಿ ಇರಲಿಲ್ಲ. ಒಬ್ಬಳು ಹುಡುಗಿ ಮೀನಿನ ಜೊತೆ ಜಾಡಿಯಲ್ಲಿ ಇಡುವ ಚೀಟಿಯಲ್ಲಿ, ಹಿಡಿದ ಸ್ಥಳ ಎನ್ನುವಲ್ಲಿ 'ಮಂಗಳೂರು ಸಮುದ್ರ' ಎಂದು ಬರೆದಿದ್ದಳು. "ಅದು ನಿನ್ನ ಅಜ್ಜನ ಕೆರೆಯಾ? ಎಷ್ಟು ಆಳದಲ್ಲಿ, ಯಾವ ದಿಕ್ಕಿನಲ್ಲಿ, ಯಾವ ಬಲೆಯಲ್ಲಿ? ಕೇಳಿಕೊಂಡು ಬಾ" ಎಂದು ಚೀಟಿ ಹರಿದು, ಆ ಬಿಸಿಲಿನಲ್ಲಿ ಅವಳನ್ನು ಪುನಃ ಧಕ್ಕೆಗೆ ಓಡಿಸಿದರು. ಹುಡುಗಿ ಅತ್ತುಕೊಂಡು ಹೋದಳು, ಮುಂದಿನ ವರ್ಷ ವಿಷಯವನ್ನೇ ಬದಲಾಯಿಸಿದಳು. ಈಗ ಇದೇ ಊರಿನ ಬ್ಯಾಂಕಿನಲ್ಲಿದ್ದಾಳೆ. ಅವರು ತೀರಿಹೋದ ಸುದ್ದಿ ಹೇಳಿದಾಗ "ಹೌದಾ ಸರ್" ಎಂದಳು, ನನ್ನ ಪಾಸ್‌ಬುಕ್ ಮುದ್ರಿಸಿ ಕೊಟ್ಟಳು. ಅವಳನ್ನು ದೂರುವಂತಿಲ್ಲ.

ಆದರೆ ವಿಭಾಗದ ಮ್ಯೂಸಿಯಂ ಕೋಣೆಯಲ್ಲಿ ಅವರನ್ನು ನೋಡಬೇಕಿತ್ತು. ಗೇಟಿನ ಪಕ್ಕದಲ್ಲೇ, ನೆಲ ಅಂತಸ್ತಿನಲ್ಲಿ ಉದ್ದಕ್ಕೆ ಚಾಚಿಕೊಂಡ ಕೋಣೆ. ಗೋಡೆಯುದ್ದಕ್ಕೂ ಮರದ ಕಪಾಟು, ಗಾಜಿನ ಜಾಡಿಗಳು, ಒಳಗೆ ಮೀನು, ಏಡಿ, ಸಿಗಡಿ. ಹಿಂದಿನ ಪ್ರಾಧ್ಯಾಪಕರು ಒಟ್ಟು ಮಾಡಿದ್ದು ಸ್ವಲ್ಪ, ಉಳಿದದ್ದೆಲ್ಲ ಇವರದು. ಬೆಂಗ್ರೆಯ ಬೋಟಿನವರು, ಧಕ್ಕೆಯಲ್ಲಿ ಮೀನು ಮಾರುವ ಹೆಂಗಸರು, ಬಲೆಯಲ್ಲಿ ಗುರುತಿಲ್ಲದ್ದು ಏನು ಬಂದರೂ ಇವರಿಗೆಂದು ತೆಗೆದಿಡುತ್ತಿದ್ದರು. ಒಂದೊಂದು ಜಾಡಿಯ ಎದುರು ನಿಂತು, ಇದು ಯಾವ ಬೋಟಿನದು, ಆ ದಿನ ಗಾಳಿ ಹೇಗಿತ್ತು ಎಂದು ಹೇಳುವಾಗ ಅವರ ಸ್ವರವೇ ಬೇರೆ. ಕೆಲವು ಮೀನುಗಳ ಎದುರು ಮಾತ್ರ, "ಇದು ಈಗ ಬಲೆಗೆ ಬರುವುದಿಲ್ಲ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಒಮ್ಮೆ ಕಾಲೇಜು ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಗಳು ಉಂಗುರದ ಬೆರಳಿನಿಂದ ಒಂದು ಜಾಡಿಯನ್ನು ಟಣಟಣ ಬಡಿದರು. "ಅದು ಎದ್ದು ಬರುವುದಿಲ್ಲ ಸರ್. ಬಡೀಬೇಡಿ" ಎಂದರು ಇವರು. ಆ ವರ್ಷದಿಂದ ಅತಿಥಿಗಳನ್ನು ಆ ಕೋಣೆಗೆ ಕರೆದೊಯ್ಯುವುದು ನಿಂತುಹೋಯಿತು.

ನಾನು ಕಂಪ್ಯೂಟರ್ ವಿಭಾಗದವನು. ಅವರು ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ನಮಸ್ಕಾರ, ಕುಶಲ ಯಾವುದೂ ಇಲ್ಲ.

"ನಿಮಗೆ ಸಾವಿರಗಟ್ಟಲೆ ಫೋಟೋ ಒಟ್ಟಿಗೆ ಇಂಟರ್ನೆಟ್ಟಿಗೆ ಹಾಕ್ಲಿಕ್ಕೆ ಬರ್ತದಾ? ಒಂದೊಂದೇ ಅಲ್ಲ, ಒಟ್ಟಿಗೆ."

"ಯಾವುದರ ಫೋಟೋ ಮೇಡಂ?"

"ಮೀನಿನದು. ಮತ್ತೆ ಎಂತ, ನನ್ನದಾ?"

ಸಂಶೋಧಕರು ತಮ್ಮ ಚಿತ್ರ, ಮಾಹಿತಿಗಳನ್ನೆಲ್ಲ ಇಟ್ಟು, ಜಗತ್ತಿನ ಯಾರು ಬೇಕಾದರೂ ತೆರೆದು ನೋಡುವ ಹಾಗೆ ಮಾಡುವ ಆನ್‌ಲೈನ್ ಭಂಡಾರವೊಂದರಲ್ಲಿ ಅವರು ಖಾತೆ ತೆರೆದಿದ್ದರು. ಜಾಡಿಯಲ್ಲಿದ್ದ ಪ್ರತಿಯೊಂದರ ಚಿತ್ರ, ಅದರ ಜೊತೆ ಹೆಸರು, ಸ್ಥಳ, ಆಳ, ಬಲೆ ಎಲ್ಲ ಅಲ್ಲಿ ಹೋಗಬೇಕು. ಯಾಕೆ ಎಂದು ಕೇಳಿದೆ. "ಇಲ್ಲಿಯವರಿಗೆ ಇದು ಕೊಳೆತ ಮೀನು. ಹೊರಗಿನವರು ನೋಡ್ಲಿಕ್ಕೆ ಸುರು ಮಾಡಿದ್ರೆ ಇವರಿಗೆ ಮುಟ್ಟಲಿಕ್ಕೆ ಹೆದರಿಕೆ ಆಗ್ತದೆ" ಎಂದರು. ಆ ಕೋಣೆಯ ಮೇಲೆ ಆಡಳಿತದವರ ಕಣ್ಣು ಬಿದ್ದಿದೆ ಎಂದು ಅವರಿಗೆ ಆಗಲೇ ವಾಸನೆ ಬಡಿದಿತ್ತು.

ವರ್ಷ ಹಿಡಿಯಿತು ಆ ಕೆಲಸ. ಕಪ್ಪು ಬಟ್ಟೆ ಹಾಸಿ, ಜಾಡಿಯಿಂದ ತೆಗೆದ ಮೀನನ್ನು ತೊಳೆದು ಮಲಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಅವರೇ ಫೋಟೋ ತೆಗೆಯುತ್ತಿದ್ದರು. ಕಣ್ಣು ಉರಿದು ನೀರು ಸುರಿಯುತ್ತಿತ್ತು, ತೋಳಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಎಲ್ಲ ಮೀನಿನ ತಲೆಯೂ ಎಡಕ್ಕೆ. ಹಾಗೆಯೇ ಕ್ರಮವಂತೆ. ಇನ್ನೊಂದು ಬದಿಯದ್ದೂ ತೆಗೆಯುವುದಲ್ಲವಾ ಎಂದು ನಾನು ಕೇಳಿದ್ದೆ.

"ಇನ್ನೊಂದು ಬದಿ ಬೇಕಾದವರು ಇಲ್ಲಿಗೆ ಬರ್ಲಿ. ಫೋಟೋ ಕರೀಲಿಕ್ಕೆ ಇರುವುದು. ಮೀನು ಇಲ್ಲಿ ಉಂಟಲ್ಲ."

ಚಿತ್ರಗಳನ್ನೂ ಅವುಗಳ ವಿವರವನ್ನೂ ಜೋಡಿಸಿ ಒಮ್ಮೆಲೇ ಕಳಿಸುವ ಒಂದು ಪುಟ್ಟ ಪ್ರೋಗ್ರಾಮ್ ನಾನು ಬರೆದೆ. ಮೊದಲ ಸಲ ಕಳಿಸಿದಾಗ ಎಲ್ಲ ಅದಲುಬದಲು. ಬಂಗುಡೆಯ ಕೆಳಗೆ ತೊರಕೆಯ ವಿವರ, ನಂಗು ಮೀನಿನ ಕೆಳಗೆ ಏಡಿಯ ಹೆಸರು. ಅವರು 'ಬೆಂಗ್ರೆ, ಅಳಿವೆಯ ಹೊರಗೆ' ಎಂದು ಬರೆದಲ್ಲೆಲ್ಲ ನಡುವಿನ ಅಲ್ಪವಿರಾಮವನ್ನು ನನ್ನ ಪ್ರೋಗ್ರಾಮ್ ಹೊಸ ಕಾಲಮ್ಮು ಎಂದುಕೊಂಡಿತ್ತು. "ಒಂದು ಕಾಮಾಕ್ಕೆ ಬುದ್ಧಿ ಕೆಡುವ ಯಂತ್ರ ನಿಮ್ಮದು" ಎಂದು ವಾರವಿಡೀ ಹಂಗಿಸಿದರು. ಎರಡನೆಯ ಸಲ ಮೀನುಗಳ ತುಳು ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋದವು. ವೈಜ್ಞಾನಿಕ ಹೆಸರು ಇದ್ದರೆ ಸಾಕಲ್ಲ, ತುಳು ಹೆಸರು ಬಿಡುವ ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದ ರೀತಿಗೆ ನಾನು ಪುನಃ ಕೂತು ಅದನ್ನು ಸರಿಮಾಡಿದೆ.

ಎಲ್ಲ ಸರಿಯಾಗಿ ಏರಿದ ದಿನ ಅವರು ಪರದೆಯ ಎದುರು ಕೂತು, ಕನ್ನಡ ಅಕ್ಷರದಲ್ಲಿದ್ದ ಆ ತುಳು ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಬೂತಾಯಿ. ಮಾಂಜಿ. ಅಂಜಲ್. ಸಂತೆಯಲ್ಲಿ ಕೂಗಿದ ಹಾಗೆ. ಆಮೇಲೆ ಕ್ಯಾಂಟೀನಿನಿಂದ ಗೋಳಿಬಜೆ ತರಿಸಿ, ಸ್ಟಾಫ್ ರೂಮಿನಲ್ಲಿದ್ದವರನ್ನೆಲ್ಲ ಕರೆದು, ಆ ಜಾಡಿಗಳ ನಡುವೆಯೇ ನಿಲ್ಲಿಸಿ ತಿನ್ನಿಸಿದರು. ಕೆಲವರು ಮೂಗು ಮುಚ್ಚಿಕೊಂಡೇ ತಿಂದರು. ಅವರು ನಕ್ಕದ್ದನ್ನು ನಾನು ಸರಿಯಾಗಿ ನೋಡಿದ್ದು ಅವತ್ತು.

ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸ್ ಬಂತು. ಸಂಚಾಲಕರ ಮುಖ, ಪ್ರಿನ್ಸಿಪಾಲರ ಮುಖ, ನಡುವೆ ಒಂದು ಮೀನು. ಇವರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಫ್ಲೆಕ್ಸ್ ಕಟ್ಟಿದ ಹಗ್ಗದ ಗಂಟು ಸರಿಯಾಗಿ ಅದರ ಮೇಲೆಯೇ ಬಂದಿತ್ತು. ಅವರು ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೆಲಸ ಆಗಿದೆಯಲ್ಲ, ಇನ್ನು ಕೋಣೆ ಉಳಿಯಿತು ಎಂಬ ಧೈರ್ಯದಲ್ಲಿದ್ದರು.

ಆ ಧೈರ್ಯ ಮುಂದಿನ ಸ್ಟಾಫ್ ಮೀಟಿಂಗಿನವರೆಗೆ. ಕಾಲೇಜಿಗೆ ಶ್ರೇಣಿ ಕೊಡುವ ಮೌಲ್ಯಮಾಪನ ತಂಡ ಬರುವುದಿತ್ತು. ಗೇಟಿನಿಂದ ಒಳಗೆ ಬಂದ ಪೋಷಕರಿಗೆ ಮೊದಲು ಕಾಣಬೇಕಾದ್ದು ಸೋಫಾ ಹಾಕಿದ ಪ್ರವೇಶಾತಿ ವಿಭಾಗ, ಸತ್ತ ಮೀನಲ್ಲ ಎಂದು ಸಂಚಾಲಕರು ಹೇಳಿದರು. ಫಾರ್ಮಲಿನ್ ಕ್ಯಾನ್ಸರ್ ತರುತ್ತದೆ, ಮಕ್ಕಳ ಆರೋಗ್ಯ ಮುಖ್ಯ ಎಂದು ಪ್ರಿನ್ಸಿಪಾಲರು ಸೇರಿಸಿದರು. ಜಾಡಿಗಳನ್ನು ಎಲ್ಲಿಗೆ ಸಾಗಿಸುವುದು ಎಂದು ಇವರು ಕೇಳಿದಾಗ, ಸಂಚಾಲಕರು ಬಹಳ ಸಮಾಧಾನದಿಂದ ಉತ್ತರಿಸಿದರು.

"ಸಾಗಿಸುವುದು ಎಂತಕ್ಕೆ ಮೇಡಂ? ನೀವೇ ಎಲ್ಲ ಆನ್‌ಲೈನ್ ಹಾಕಿದ್ದೀರಲ್ಲ. ಇನ್ನು ಇದನ್ನು ಇಟ್ಟುಕೊಂಡು ಎಂತ ಮಾಡ್ಲಿಕ್ಕುಂಟು?"

ಸಭೆಯಲ್ಲಿ ಕೆಲವರು ತಲೆ ಆಡಿಸಿದರು. ಇವರು ಎದ್ದು ನಿಂತರು.

"ನಿಮ್ಮ ಆಧಾರ್ ಕಾರ್ಡಿನಲ್ಲಿ ಫೋಟೋ ಉಂಟಲ್ಲ ಸರ್? ಹಾಗಾದ್ರೆ ನಿಮ್ಮನ್ನು ಇಟ್ಟುಕೊಂಡು ಎಂತ ಮಾಡ್ಲಿಕ್ಕುಂಟು? ಸುಡಬಹುದಾ?"

ಯಾರೋ ನಗಲು ಹೋಗಿ ಕೆಮ್ಮಿದರು. ಪ್ರಿನ್ಸಿಪಾಲರು ಮುಂದಿನ ವಿಷಯ ಎತ್ತಿಕೊಂಡರು. ಆ ಮಾತನ್ನು ಇವರು ಆಡದಿದ್ದರೆ ಜಾಡಿಗಳು ಯಾವುದಾದರೂ ಉಗ್ರಾಣದಲ್ಲಾದರೂ ಉಳಿಯುತ್ತಿದ್ದವು ಎಂದು ಈಗಲೂ ಹೇಳುವವರಿದ್ದಾರೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಪರೀಕ್ಷೆ ಮುಗಿದು ರಜೆ ಬಂತು. ಅವರನ್ನು ಉತ್ತರಪತ್ರಿಕೆ ತಿದ್ದಲಿಕ್ಕೆಂದು ಬೇರೆ ಊರಿಗೆ ಹಾಕಿದರು. ನಾನು ಬೇಸಾಯದ ಕೆಲಸಕ್ಕೆಂದು ವಿಟ್ಲದ ನಮ್ಮ ಮನೆಗೆ ಹೋಗಿದ್ದೆ. ರಜೆ ಮುಗಿಯುವ ಮುಂಚೆಯೇ ಅವರ ಫೋನು ಬಂತು. "ನೀವು ಕೂಡಲೇ ಕಾಲೇಜಿಗೆ ಬನ್ನಿ" ಎಂದರು. ಸ್ವರದಲ್ಲಿ ಏನೂ ಇರಲಿಲ್ಲ.

ಬಂದು ನೋಡಿದರೆ ಮ್ಯೂಸಿಯಂ ಕೋಣೆಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಹೊರಗಿನ ನಲ್ಲಿಯ ಹತ್ತಿರ, ತೊಳೆದ ಗಾಜಿನ ಜಾಡಿಗಳನ್ನು ಬಿಸಿಲಿಗೆ ಕವುಚಿ ಹಾಕಿದ್ದರು. ಕೆಮಿಸ್ಟ್ರಿಯವರಿಗೆ ಉಪಯೋಗ ಆಗ್ತದೆ ಎಂದು ಅಟೆಂಡರ್ ಹೇಳಿದ. ಮೀನುಗಳನ್ನು ಹಿಂದಿನ ಆಟದ ಮೈದಾನದ ಮೂಲೆಯಲ್ಲಿ ಗುಂಡಿ ತೋಡಿ ಸುರಿದಿದ್ದರು.

ಅವರು ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಮಣ್ಣು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಬ್ಲೀಚಿಂಗ್ ಪೌಡರ್ ಚೆಲ್ಲಿದ ಆ ರಾಶಿಯಲ್ಲಿ ಬಾಲ, ರೆಕ್ಕೆ, ಏಡಿಯ ಕಾಲು ಅಲ್ಲಲ್ಲಿ ಕಾಣುತ್ತಿತ್ತು. ಮೀನು ಕಂಡರೆ ಮುತ್ತುವ ಈ ಊರಿನ ಕಾಗೆಗಳು ತೆಂಗಿನ ಮರದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದವು. ಯಾವುದೂ ಕೆಳಗಿಳಿದಿರಲಿಲ್ಲ.

ಅವರು ಬಗ್ಗಿ ಒದ್ದೆಯಾದ ಒಂದು ಚೀಟಿಯನ್ನು ಹೆಕ್ಕಿದರು. ಅವರದೇ ಅಕ್ಷರ. ಓದಿದರು.

"ಇದರ ಮೀನು ಯಾವುದು ಅಂತ ಈಗ ಯಾರಿಗೆ ಗೊತ್ತು?" ಎಂದು ಕೇಳಿ, ಚೀಟಿಯನ್ನು ಪುನಃ ಅಲ್ಲಿಯೇ ಹಾಕಿದರು.

ಕೆಲವನ್ನಾದರೂ ತೆಗೆಯಬಹುದಾ ಎಂದು ನಾನು ಕೇಳಿದೆ. ಬೇಡ ಎಂದರು. ಬೇರೆಯವರಾಗಿದ್ದರೆ ಅಳುತ್ತಿದ್ದರು ಅಥವಾ ಬೈಯುತ್ತಿದ್ದರು. ಅವರು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು, ನಾನೂ ಹಿಂದೆ ಹೋದೆ. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು. ಇವರು ಕೂರಲಿಲ್ಲ.

"ಯಾಕೆ ಇಷ್ಟು ಬೇಸರ ಮಾಡ್ತೀರಿ ಮೇಡಂ? ಸಾಫ್ಟ್ ಕಾಪಿ ಉಂಟಲ್ಲ" ಎಂದರು ಪ್ರಿನ್ಸಿಪಾಲರು. ನಿಜವಾಗಿಯೂ ಸಮಾಧಾನ ಹೇಳುತ್ತಿದ್ದೇನೆ ಎಂದೇ ಆ ಮನುಷ್ಯ ತಿಳಿದಿದ್ದರು ಎಂದು ನನಗೆ ಅನಿಸಿತು. ಅದು ಇನ್ನೂ ಕೆಟ್ಟದು.

ಮಳೆಗಾಲ ಕಳೆದ ಮೇಲೆ ಕೊಚ್ಚಿಯಿಂದ ಅವರಿಗೆ ಒಂದು ಇಮೇಲ್ ಬಂತು. ನೆಲಕ್ಕೆ ಹಾಸಿದ ಹಾಗೆ ಚಪ್ಪಟೆಯಾದ ತೊರಕೆ ಮೀನಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬಳು ಹುಡುಗಿ. ಭಂಡಾರದಲ್ಲಿ ಇವರ ಒಂದು ತೊರಕೆಯ ಚಿತ್ರ ನೋಡಿದ್ದಾಳೆ. ಇದುವರೆಗೆ ಯಾರೂ ಹೆಸರಿಡದ ಜಾತಿ ಇರಬಹುದು ಎಂದು ಅವಳಿಗೆ ಸಂಶಯ. ಆದರೆ ಚಿತ್ರದಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಹೊಟ್ಟೆಯ ಬದಿ, ಬಾಯಿ, ಹಲ್ಲು ನೋಡಬೇಕು, ಮಾಂಸದ ಒಂದು ಚೂರು ಪರೀಕ್ಷೆಗೆ ಬೇಕು. ತಾನೇ ರೈಲು ಹತ್ತಿ ಬರುತ್ತೇನೆ, ಯಾವಾಗ ಬಂದರೆ ಅನುಕೂಲ ಎಂದು ಬಹಳ ವಿನಯದಿಂದ ಕೇಳಿದ್ದಳು. ಅವರು ಕಾಯುತ್ತಿದ್ದ ಇಮೇಲ್ ಅದು. ಆ ಕೋಣೆಗೆ ಒಬ್ಬರು ಬರಲಿ ಎಂದೇ ವರ್ಷವಿಡೀ ಕಣ್ಣು ಉರಿಸಿಕೊಂಡದ್ದು.

ಅವರು ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ಇಟ್ಟು ಅದನ್ನು ಓದಿಸಿದರು. ಆಮೇಲೆ, "ಎಲ್ಲ ಒಟ್ಟಿಗೆ ಹಾಕಿದ ಹಾಗೆ, ಎಲ್ಲದರಲ್ಲಿ ಒಂದು ಸಾಲು ಒಟ್ಟಿಗೆ ತಿದ್ದಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಆಗುತ್ತದೆ ಎಂದೆ. ಪ್ರತಿ ಚಿತ್ರದ ಕೆಳಗೆ, ಮೂಲ ಮೀನನ್ನು ಇಟ್ಟಿರುವ ಜಾಗ ಎನ್ನುವಲ್ಲಿ ಕಾಲೇಜಿನ ಹೆಸರಿತ್ತು. ಅದನ್ನು ತೆಗೆದು ಈ ಮಾತು ಹಾಕಲು ಹೇಳಿದರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: 'ಈ ಮೀನು ಈಗ ಇಲ್ಲ. ಕಾಲೇಜಿನ ಆಡಳಿತ ಇದನ್ನು ಎಸೆದಿದೆ.'

"'ಎಸೆದಿದೆ' ಬೇಡ ಮೇಡಂ. 'ಲಭ್ಯವಿಲ್ಲ' ಎಂದು ಹಾಕುವ. ನಿಮಗೆ ರಿಟೈರ್ ಆಗಲು ಇನ್ನು ಸ್ವಲ್ಪವೇ ಸಮಯ ಇರುವುದಲ್ಲ."

"ಲಭ್ಯವಿಲ್ಲ ಅಂದ್ರೆ ಹುಡುಕಿದ್ರೆ ಸಿಕ್ಕೀತು ಅಂತ ಆಗ್ತದೆ. ಆ ಹುಡುಗಿ ಹುಡುಕಿಕೊಂಡು ಬರ್ತಾಳೆ. ಎಸೆದಿದೆ ಅಂತಲೇ ಹಾಕಿ."

ಹಾಕಿದೆ. ಈ ಸಲ ಒಂದು ತಪ್ಪೂ ಬರಲಿಲ್ಲ.

ಆಡಳಿತದವರಿಗೆ ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ಆಮೇಲೆ ನಮ್ಮಿಬ್ಬರನ್ನೂ ಕರೆಸಿದರು. ಸಂಚಾಲಕರ ಮುಖ ಕೆಂಪೇರಿತ್ತು. "ಮೌಲ್ಯಮಾಪನ ತಂಡದವರು ನಮ್ಮೆದುರಿಗೇ ಅದನ್ನು ತೆರೆದು ಓದಿದ್ರು. ನೀವು ಸಂಸ್ಥೆಯ ಮರ್ಯಾದೆ ತೆಗೆದಿದ್ದೀರಿ" ಎಂದು ಕೂಗಾಡಿದರು.

"ಬರೆದದ್ದರಲ್ಲಿ ಸುಳ್ಳು ಇದ್ರೆ ಹೇಳಿ ಸರ್. ಈಗಲೇ ತಿದ್ದಿಸ್ತೇನೆ" ಎಂದರು ಇವರು.

ಖಾತೆ ಇವರ ಹೆಸರಿನಲ್ಲಿತ್ತು, ಬೇರೆ ಯಾರೂ ಅದನ್ನು ಅಳಿಸುವ ಹಾಗಿರಲಿಲ್ಲ. ನನ್ನನ್ನು ಸಂಜೆ ಕಾಲೇಜಿಗೆ ಹಾಕಿದರು, ಈಗಲೂ ಅಲ್ಲಿಯೇ ಇದ್ದೇನೆ. ಅವರಿಂದ ತರಗತಿಗಳನ್ನು ಒಂದೊಂದಾಗಿ ಕಿತ್ತುಕೊಂಡರು. ಸ್ಟಾಫ್ ರೂಮಿನಲ್ಲಿ ಮೊದಲು ವಾಸನೆಗೆ ಸರಿಯುತ್ತಿದ್ದವರು ಈಗ ಭಯಕ್ಕೆ ಸರಿದರು. ನಿವೃತ್ತಿಯ ದಿನ ಹಾರ, ಶಾಲು, ಗುಂಪು ಫೋಟೋ ಯಾವುದೂ ಆಗಲಿಲ್ಲ. ಬುತ್ತಿಯ ಚೀಲ ಹಿಡಿದು, ಸೋಫಾ ಹಾಕಿದ ಆ ಕೋಣೆಯ ಎದುರಿನಿಂದಲೇ ಗೇಟು ದಾಟಿ ಬಸ್ಸಿಗೆ ಹೋದರು.

ಹೊರಗಿನವರು ನೋಡಿದರೆ ಇಲ್ಲಿಯವರು ಹೆದರುತ್ತಾರೆ ಎಂದು ಅವರು ನಂಬಿದ್ದರಲ್ಲ. ಹೊರಗಿನವರು ನೋಡಿದರು. ದೊಡ್ಡ ದೊಡ್ಡ ಸಂಸ್ಥೆಗಳಿಂದ ಕೆಲವು ಇಮೇಲ್‌ಗಳು ಬಂದವು. ತುಂಬ ವಿಷಾದವಾಯಿತು ಎಂದು ಬರೆದಿದ್ದರು. ಕಾಲೇಜಿಗೆ ಒಂದು ಸಾಲು ಬರೆದು ಕೇಳಿದವರು ಯಾರೂ ಇಲ್ಲ. ಕೊಚ್ಚಿಯ ಹುಡುಗಿ ಮಾತ್ರ ಫೋನು ಮಾಡಿ ಅತ್ತಳಂತೆ. ಹೊಟ್ಟೆಯ ಬದಿ ನೋಡದೆ ಹೆಸರಿಡುವ ಹಾಗಿಲ್ಲ. ಆ ತೊರಕೆಗೆ ಇನ್ನೂ ಹೆಸರಿಲ್ಲ. ಮೌಲ್ಯಮಾಪನದಲ್ಲಿ ನಮ್ಮ ಕಾಲೇಜಿಗೆ ಒಳ್ಳೆಯ ಶ್ರೇಣಿಯೇ ಸಿಕ್ಕಿತು.

ಕಾಯಿಲೆ ಬಂದದ್ದು ಅದಾದ ಮೇಲೆ. ಶ್ವಾಸಕೋಶದಲ್ಲಿ. ಫಾರ್ಮಲಿನ್‌ನಿಂದಲೇ ಬಂತು ಎಂದು ಹೇಳಲಿಕ್ಕೆ ಆಗುವುದಿಲ್ಲ, ಅಲ್ಲ ಎಂದೂ ಹೇಳಲಿಕ್ಕೆ ಆಗುವುದಿಲ್ಲ ಎಂದು ಡಾಕ್ಟರು ಅಂದರಂತೆ. ಸ್ಟಾಫ್ ರೂಮಿನಲ್ಲಿ ಯಾರಿಗೂ ಅಂಥ ಸಂಶಯ ಇರಲಿಲ್ಲ. "ಪ್ರಿನ್ಸಿಪಾಲರು ಅವತ್ತೇ ಹೇಳಿದ್ರಲ್ಲ" ಎಂದು ಚಹಾ ಕುಡಿಯುತ್ತಾ ಮಾತಾಡಿಕೊಂಡರು. ಆ ಮಾತಿನಲ್ಲಿ ಒಂದು ಬಗೆಯ ತೃಪ್ತಿ ಇತ್ತು.

ಒಂದು ಭಾನುವಾರ ನಾನು ಫೆರಿ ಹತ್ತಿ ಬೆಂಗ್ರೆಗೆ ಹೋದೆ. ಅಣ್ಣನ ಮನೆಯ ಜಗಲಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ, "ಓ, ಕಂಪ್ಯೂಟರ್. ಎಂತ, ಪುನಃ ಕಾಮಾ ಸಿಕ್ಕಿಹಾಕಿಕೊಂಡಿತಾ?" ಎಂದರು. ಕಾಲೇಜಿನ ವಿಷಯ ಒಂದನ್ನೂ ಕೇಳಲಿಲ್ಲ. ನಾನೇ ಮಾತು ತೆಗೆದು, ಮನೆಯಲ್ಲೇ ಸಣ್ಣದಾಗಿ ಪುನಃ ಸಂಗ್ರಹ ಶುರುಮಾಡಬಹುದಲ್ಲ, ಫೋಟೋ, ಅಪ್‌ಲೋಡು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಅಂಗಳದಲ್ಲಿ ಒಣಹಾಕಿದ್ದ ಬಲೆಯ ಕಡೆ ನೋಡುತ್ತಿದ್ದರು.

"ಆ ಮೀನು ಈಗ ಎಲ್ಲಿ ಉಂಟು ಮಾರಾಯ್ರೆ? ನಾನು ಜಾಡಿಯಲ್ಲಿ ಹಾಕಿದ್ದು ಆಗಿನ ಸಮುದ್ರ."

ಅಷ್ಟರಲ್ಲಿ ಅಣ್ಣ ಬೋಟಿನಿಂದ ಬಂದರು. ಎಪ್ಪತ್ತು ದಾಟಿದ, ಬಿಸಿಲಿಗೆ ಕಪ್ಪಾದ ಗಟ್ಟಿ ಮನುಷ್ಯ. ಕೈಯಲ್ಲಿ ಒಂದು ಮೀನು, ಗೇಣುದ್ದ. ಮೈಮೇಲೆ ಕಂದು ಪಟ್ಟೆ, ಬೆನ್ನ ರೆಕ್ಕೆಯ ಮೊದಲ ಮುಳ್ಳು ದಾರದ ಹಾಗೆ ನೀಳ. ತಂಗಿಯ ಎದುರು ಅದನ್ನು ಎತ್ತಿ ಹಿಡಿದು ತುಳುವಿನಲ್ಲಿ, ಇದನ್ನು ನಾನು ನೋಡಿದ್ದೇ ಇಲ್ಲ, ಎಂತದು ನೋಡು ಎಂದರು.

ಅವರು ಮೀನನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಿವಿರು ತೆರೆದು ನೋಡಿದರು, ರೆಕ್ಕೆಯನ್ನು ಬೆರಳಿನಿಂದ ಬಿಡಿಸಿ ಮುಳ್ಳು ಎಣಿಸಿದರು, ಮಗುಚಿ ಇನ್ನೊಂದು ಬದಿ ನೋಡಿದರು. ಎಲ್ಲಿ ಸಿಕ್ಕಿತು, ಎಷ್ಟು ಮಾರು ಆಳ ಎಂದು ಕೇಳಿದರು. ಅಣ್ಣ ಹೇಳಿದರು. ನಾನು ಜೇಬಿನಿಂದ ಫೋನು ತೆಗೆದು ಕ್ಯಾಮೆರಾ ತೆರೆದೆ. ಅವರು ಕೈ ಅಡ್ಡ ಹಿಡಿದರು.

ಮೀನನ್ನು ಅಣ್ಣನ ಕೈಗೆ ವಾಪಸು ಕೊಟ್ಟರು.

"ನನಗೂ ಗೊತ್ತಿಲ್ಲ. ಅತ್ತಿಗೆಗೆ ಕೊಡು, ಪುಳಿಮುಂಚಿ ಮಾಡ್ಲಿ. ಇವರೂ ಊಟಕ್ಕೆ ಇದ್ದಾರೆ."

ಅಣ್ಣ ನನ್ನ ಮುಖ ನೋಡಿದರು, ತಂಗಿಯ ಮುಖ ನೋಡಿದರು, ಮೀನು ಹಿಡಿದುಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ಕತ್ತಿಯ ಸದ್ದಾಯಿತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಜೊತೆ ಅದು ಬಂತು. ಅವರು ಎರಡು ತುತ್ತು ತಿಂದರು. ನಾನು ತಟ್ಟೆ ನೋಡುತ್ತಾ ಕೂತಿದ್ದೆ.

"ಮುಳ್ಳು ಜಾಸ್ತಿ ಉಂಟು" ಎಂದರು. "ನೋಡಿಕೊಂಡು ತಿನ್ನಿ."